ಅಜ್ಜಿಯ ಕೋಳಿಗೆ ವಯಸ್ಸೆಷ್ಟು?

ಬ್ಯಾಕ್ ಕವರ್‌ನ ಕೆಳಗಡೆ, ಬಾರ್‌ಕೋಡ್ ಪಕ್ಕದಲ್ಲಿ, ಉಗುರಿನಷ್ಟು ದೊಡ್ಡ ಚೌಕವೊಂದು ಖಾಲಿ ಇತ್ತು. ಪುಸ್ತಕದ ಉಳಿದ ಕೆಲಸವೆಲ್ಲ ಮುಗಿದಿತ್ತು. ಚಿತ್ರ ಬಂದಿತ್ತು, ಪ್ರೂಫ್ ನೋಡಿಯಾಗಿತ್ತು, ಬೆಲೆಯೂ ನಿಕ್ಕಿಯಾಗಿತ್ತು. ಆ ಚೌಕಕ್ಕೋಸ್ಕರ ಎಡಿಟರ್ ಫೋನ್ ಮಾಡಿದರು. ಅವರು ಧಾರವಾಡದ ಕಡೆಯವರು.

"ಯಾವ ವಯಸ್ಸಿನವ್ರಿಗೆ ಅಂತ ಹಾಕೋಣ್ರಿ ಮೇಡಂ?"

"ಆರರಿಂದ ಎಂಟು ಅಂತ ಹಾಕಿಬಿಡಿ" ಅಂದೆ. ಒಲೆ ಮೇಲೆ ಹಾಲಿತ್ತು, ಬೇಗ ಫೋನ್ ಇಡಬೇಕಿತ್ತು.

"ಯಾಕ್ರಿ ಆರು? ಐದ್ಯಾಕಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಥೆ ಬರೆಯುವಾಗ ನನ್ನ ತಲೆಯಲ್ಲಿ ಯಾವ ವಯಸ್ಸೂ ಇರಲಿಲ್ಲ. ಒಬ್ಬ ಅಜ್ಜಿ ಇದ್ದಳು, ಅವಳದೊಂದು ಕೋಳಿ ಇತ್ತು, ಆ ಕೋಳಿಗೆ ಹೆಸರಿಟ್ಟು ಮುದ್ದು ಮಾಡುವ ಮೊಮ್ಮಗಳಿದ್ದಳು. ಹಬ್ಬಕ್ಕೆ ನೆಂಟರು ಬರುತ್ತಾರೆ. ಮಾರನೇ ದಿನ ಕೋಳಿ ಇಲ್ಲ. ಇಷ್ಟೇ ಕಥೆ. ಒಂದು ವಾರ ಟೈಮ್ ಕೊಡಿ ಅಂತ ಕೇಳಿದೆ. ಆ ವಾರ ಎರಡು ತಿಂಗಳಾಯಿತು.

ಮೊದಲು ಸಿಕ್ಕಿದ್ದು ಅಕ್ಕನ ಮಗಳು. ಎಂಟು ವರ್ಷ, ಬೆಂಗಳೂರು, ಇಂಗ್ಲಿಷ್ ಮೀಡಿಯಂ. ಇನ್ನೂರು ಪುಟದ ಇಂಗ್ಲಿಷ್ ಪುಸ್ತಕವನ್ನು ಎರಡು ದಿನದಲ್ಲಿ ಮುಗಿಸುತ್ತಾಳೆ. ಕಪ್ಪು ಕುಳಿಯೊಳಗೆ ಬಿದ್ದರೆ ಏನಾಗುತ್ತೆ ಅಂತ ಊಟದ ಮಧ್ಯೆ ಪಾಠ ಮಾಡುತ್ತಾಳೆ. ನನ್ನ ಕಥೆ ಕೈಗೆ ಕೊಟ್ಟೆ. ಸೋಫಾ ಮೇಲೆ ಕಾಲು ಮಡಚಿ ಕೂತು ಶುರು ಮಾಡಿದಳು.

"ಅ... ಜ... ಅಲ್ಲ, ಜಿ... ಕೆಳಗಡೆ ಒಂದು ಬೇಬಿ ಜ ಇದೆ ಚಿಕ್ಕಿ. ಅ-ಜ್-ಜಿ. ಅಜ್ಜಿ!"

ಒತ್ತಕ್ಷರಕ್ಕೆ ಅವಳಿಟ್ಟ ಹೆಸರು ಬೇಬಿ. ಅಕ್ಷರದ ಕಾಲ ಬಳಿ ಅದರ ಮರಿ ಕೂತಿರುತ್ತೆ ಅಂತ ಲೆಕ್ಕ. ಒಳ್ಳೆಯ ಹೆಸರೇ. ಆದರೆ ಎರಡನೇ ಸಾಲಿನ "ಅಮ್ಮ" ಹತ್ತಿರ ಬಂದಾಗ ಗಾಡಿ ನಿಂತಿತು. "ಈ ಬೇಬಿ ಯಾರದು? ಇದು ಮ ಥರಾನೇ ಇಲ್ವಲ್ಲ."

ನಿಜ, ಇಲ್ಲ. ನಾನು ನಲವತ್ತು ವರ್ಷದಿಂದ ಕನ್ನಡ ಓದುತ್ತಿದ್ದೇನೆ, ಇದನ್ನು ಯಾವತ್ತೂ ಗಮನಿಸಿರಲಿಲ್ಲ. ಕ, ಪ, ಜ, ಣ ಇವುಗಳ ಒತ್ತು ಸ್ವಲ್ಪ ಮೂಲ ಅಕ್ಷರದ ಹಾಗೇ ಕಾಣುತ್ತದೆ. ಮ, ತ, ನ, ಯ, ಲ, ರ ಇವುಗಳ ಒತ್ತಿಗೆ ಮಾತ್ರ ಬೇರೆಯದೇ ಮುಖ. ಹಾಗಾಗಿ ಅಪ್ಪ, ಅಕ್ಕ, ಅಣ್ಣ, ಅಜ್ಜಿ ಓದುವುದು ಸುಲಭ. ಅಮ್ಮ, ತಮ್ಮ, ಅತ್ತೆ ಕಷ್ಟ. ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮತ್ತೆ, "ಅತ್ತೆ ಕಷ್ಟ ಅನ್ನೋಕೆ ನಿನಗೊಂದು ನೆಪ ಸಿಕ್ತು" ಅಂತ ನಕ್ಕರು.

ಅರ್ಧ ಗಂಟೆಯಲ್ಲಿ ಎರಡು ಪುಟ ಆಯಿತು. ಪುಸ್ತಕ ಮುಚ್ಚಿ ಅವಳು ತೀರ್ಪು ಕೊಟ್ಟಳು. "ಸ್ಟೋರಿ ಬೇಬೀಸ್‌ದು ಚಿಕ್ಕಿ. ಅಕ್ಷರ ಮಾತ್ರ ಕಾಲೇಜ್‌ದು."

ಎರಡು ತಿಂಗಳಲ್ಲಿ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು.

ಅವಳ ಮೇಲೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಇಂಗ್ಲಿಷ್ ಪುಸ್ತಕ ಆರಿಸಲು ಮೇಷ್ಟ್ರುಗಳು ಹೇಳಿಕೊಡುವ ಐದು ಬೆರಳಿನ ಲೆಕ್ಕ ಒಂದಿದೆ. ಮಧ್ಯದ ಯಾವುದಾದರೂ ಪುಟ ತೆಗೆದು ಓದಬೇಕು. ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಬೇಕು. ಪುಟ ಮುಗಿಯುವ ಮೊದಲೇ ಐದೂ ಮಡಚಿಹೋದರೆ ಪುಸ್ತಕ ಸದ್ಯಕ್ಕೆ ಕಷ್ಟ. ನನ್ನ ಕಥೆಯ ನಾಲ್ಕನೇ ಪುಟದಲ್ಲಿ ಅವಳ ಐದು ಬೆರಳು ಎರಡನೇ ಸಾಲಿಗೇ ಮಡಚಿದವು. ಆಮೇಲೆ ಅದೇ ಪುಟವನ್ನು ನಾನು ಓದಿ ಹೇಳಿದೆ, ಅರ್ಥ ಆಗದ ಪದಕ್ಕೆ ಬೆರಳು ಮಡಚು ಅಂದೆ. ಒಂದು ಬೆರಳೂ ಅಲ್ಲಾಡಲಿಲ್ಲ. ಕಣ್ಣಿಗೆ ಗೊತ್ತಿಲ್ಲದ ಪದಗಳೆಲ್ಲ ಕಿವಿಗೆ ಗೊತ್ತಿದ್ದವು. ಮನೆಯಲ್ಲಿ ದಿನವೂ ಕೇಳುವ ಪದಗಳೇ ತಾನೇ.

ಅಂದಮೇಲೆ ಅವಳ ವಯಸ್ಸೆಷ್ಟು ಅಂತ ಹಿಡಿಯುವುದು? ಕನ್ನಡ ಓದುವ ಕಣ್ಣಿಗೆ ಆರು. ಕನ್ನಡ ಕೇಳುವ ಕಿವಿಗೆ ಎಂಟು. ಕಥೆ ಬೇಡುವ ತಲೆಗೆ ಹತ್ತು ಹನ್ನೊಂದು. ಚೌಕ ಮಾತ್ರ ಒಂದೇ.

ಸರಿ, ಕಣ್ಣಿಗೇ ಸುಲಭ ಮಾಡೋಣ, ಒತ್ತಕ್ಷರ ಇಲ್ಲದೆ ಬರೆದುಬಿಡೋಣ ಅಂತ ಕೂತೆ. ಕನ್ನಡದಲ್ಲಿ ಮಕ್ಕಳಿಗೆ ಬರೆಯುವವರು ಒಮ್ಮೆಯಾದರೂ ಈ ಗುಂಡಿಗೆ ಬೀಳುತ್ತಾರೆ ಅಂತ ಕಾಣುತ್ತದೆ. ಮೊದಲ ಸಾಲಿಗೇ ಕೈ ಕಟ್ಟಿತು. "ಒಂದು ಊರಿನಲ್ಲಿ ಒಬ್ಬ ರಾಜ ಇದ್ದ" ಅನ್ನುವುದು ನಮ್ಮೆಲ್ಲರ ಮೊದಲ ಕಥೆಯ ಮೊದಲ ಸಾಲು. ನೋಡಿ: ಊರಿನಲ್ಲಿ, ಒಬ್ಬ, ಇದ್ದ. ಐದು ಪದಕ್ಕೆ ಮೂರು ಒತ್ತು. ಒತ್ತಿಲ್ಲದಿದ್ದರೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಣ್ಣ, ತಮ್ಮ, ಅಕ್ಕ, ಅಜ್ಜಿ, ಅತ್ತೆ ಯಾರೂ ಇಲ್ಲ. ಬೆಕ್ಕಿಲ್ಲ, ಎಮ್ಮೆಯಿಲ್ಲ, ಕತ್ತೆಯಿಲ್ಲ, ಗುಬ್ಬಿಯಿಲ್ಲ. ಅನ್ನ ಇಲ್ಲ, ರೊಟ್ಟಿ ಇಲ್ಲ, ಮುದ್ದೆ ಇಲ್ಲ. ಹಸು, ನಾಯಿ, ಆನೆ, ಹುಲಿ, ನರಿ, ಮೊಲ, ಕಾಗೆ ಇದಾವೆ, ಕಾಡಿನ ಕಥೆ ಹೇಗೋ ನಡೆಯುತ್ತದೆ. ಮನೆಯ ಕಥೆ ನಡೆಯುವುದಿಲ್ಲ. ಬರುತ್ತಾನೆ, ಹೋಗುತ್ತಾಳೆ, ಇದಕ್ಕೂ ಒತ್ತು ಬೇಕು, ಹಾಗಾಗಿ ಈಗ ನಡೆಯುತ್ತಿರುವುದನ್ನು ಹೇಳುವ ಹಾಗಿಲ್ಲ. ಬಂದ, ಹೋದಳು ಅಂತ ಆಗಿಹೋದದ್ದನ್ನು ಹೇಳಬಹುದು.

ನನ್ನ ಅದೃಷ್ಟಕ್ಕೆ ಕೋಳಿಗೆ ಒತ್ತಿಲ್ಲ. ಅಜ್ಜಿಯನ್ನು ತೆಗೆದು ತಾತನನ್ನು ತಂದೆ. ನೆಂಟರಿಗೂ ಒತ್ತಿಲ್ಲ, ಬದುಕಿದರು. ತಾತ ಬಂದರು. ಕೋಳಿ ಓಡಿತು. ಮಗು ಕೂಗಿತು. ಚೆನ್ನಾಗಿಯೇ ಸಾಗುತ್ತಿತ್ತು. ಆದರೆ ಕಥೆಯ ಪ್ರಾಣ ಇರುವ ಸಾಲು "ಕೋಳಿ ಇಲ್ಲ". ಇಲ್ಲ ಅನ್ನುವುದಕ್ಕೇ ಒತ್ತು! "ಕೋಳಿ ಕಾಣದು" ಅಂತ ಬರೆದು ಎಡಿಟರ್‌ಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಯಾವ ಕೂಸು ಹಿಂಗ ಮಾತಾಡ್ತದ್ರಿ ಮೇಡಂ? ನಾಟಕದ ರಾಜ ಮಾತಾಡಿದಂಗ ಐತಿ."

ಅಜ್ಜಿ ವಾಪಸ್ ಬಂದಳು.

ಇದು ಲಿಪಿಯ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಂಗ್ಲಿಷ್ ಮಗುವಿಗೆ ಇಪ್ಪತ್ತಾರೇ ಅಕ್ಷರ, ಆದರೆ ಅವು ಒಂದೊಂದು ಪದದಲ್ಲಿ ಒಂದೊಂದು ಥರ ಕೂಗುತ್ತವೆ. ನಮ್ಮಲ್ಲಿ ವರ್ಣಮಾಲೆ 49. ವ್ಯಂಜನ 34, ಒಂದೊಂದಕ್ಕೂ ಶಾಲೆಯಲ್ಲಿ ಬರೆಸುವ ಕಾಗುಣಿತ 15. ಅಲ್ಲಿಗೇ 510 ಆಯಿತು. ಒತ್ತು ಇನ್ನೂ ಬಂದಿಲ್ಲ. ಅದು ಬಂದಮೇಲೆ ಸೂರ್ಯನ ಅರ್ಕಾವತ್ತು ಬೇರೆ. ಬಾಯಲ್ಲಿ ಮೊದಲು ಬರುವ ರಕಾರ ಹಾಳೆಯ ಮೇಲೆ ಕೊನೆಗೆ ಕೂತಿರುತ್ತದೆ, ನೋಡಲು ಕನ್ನಡದ ಒಂಬತ್ತರ ಹಾಗೆ. ಕನ್ನಡ ಓದು ಕಲಿಯುವ ಮಕ್ಕಳನ್ನು ಗಮನಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಅಕ್ಷರಗಳ ಪರಿಚಯ ಒಂದನೇ ತರಗತಿಗೆ ಮುಗಿಯುವುದಿಲ್ಲ, ಮೂರು ನಾಲ್ಕನೇ ತರಗತಿವರೆಗೂ ಎಳೆಯುತ್ತದೆ. ಆದರೆ ಒಮ್ಮೆ ಅಕ್ಷರ ಕೈಗೆ ಬಂತೋ, ಮುಗಿಯಿತು. ಮಗು ಏನು ಕೊಟ್ಟರೂ ಓದುತ್ತದೆ.

ಏನು ಕೊಟ್ಟರೂ ಅನ್ನುವುದರಲ್ಲೇ ಇನ್ನೊಂದು ಮೋಸ ಇದೆ. ನನ್ನ ಗೆಳತಿ ಹುಣಸೂರು ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆ ಟೀಚರ್. ಅಲ್ಲಿಗೆ ಹೋದಾಗ ಐದನೇ ತರಗತಿಯ ಹುಡುಗಿಯೊಬ್ಬಳು ನನ್ನ ಮುಂದೆ ಗೋಡೆಯ ಚಾರ್ಟ್ ಓದಿ ತೋರಿಸಿದಳು. "ದ್ಯುತಿಸಂಶ್ಲೇಷಣೆ" ಅನ್ನುವುದನ್ನು ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ ಹೇಳಿದಳು. ನಾನು ಚಪ್ಪಾಳೆ ತಟ್ಟಿ, ಹಾಗಂದ್ರೇನು ಪುಟ್ಟಿ ಅಂದೆ.

"ಗೊತ್ತಿಲ್ಲ ಮಿಸ್. ಓದೋಕ್ ಬರುತ್ತೆ."

ಅಕ್ಕನ ಮಗಳ ಕಥೆ ಇಲ್ಲಿ ಪೂರ್ತಿ ತಲೆಕೆಳಗು. ಓದಲು ಬಾರದ ಪದವನ್ನಷ್ಟೇ ಎಣಿಸಿ ಇವಳ ಮೇಲೆ ಐದು ಬೆರಳಿನ ಲೆಕ್ಕ ಹಾಕಿದರೆ ವಿಜ್ಞಾನದ ಯಾವ ಪುಸ್ತಕವನ್ನೂ ಕೊಡಬಹುದು ಅಂತ ಬರುತ್ತದೆ. ಅವಳಿಗೆ ಕೊಟ್ಟರೆ ಅದು ಮಂತ್ರ ಹೇಳಿದ ಹಾಗೆ.

ಗೆಳತಿಯ ಶಾಲೆಯಲ್ಲಿ ನಲಿಕಲಿ, ಅಂದರೆ ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿ. 1ರಿಂದ 3ನೇ ತರಗತಿ ಮಕ್ಕಳು ಒಟ್ಟಿಗೇ ಕೂರುತ್ತಾರೆ. ನಲಿಕಲಿ ಹುಟ್ಟಿದ್ದೂ ಅಲ್ಲೇ ಪಕ್ಕದಲ್ಲಿ, 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿ ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ರ, ಗ, ಸ, ದ, ಅ. ಬರೆಯಲು ಸುಲಭ, ಒಂದಕ್ಕೊಂದು ಹೋಲುತ್ತವೆ, ಐದೇ ಅಕ್ಷರದಲ್ಲಿ ಪದ ಕಟ್ಟಬಹುದು. ಅರಸ, ಸರ, ಗರಗಸ. ನನಗೆ ಇದು ಯಾವಾಗಲೂ ತಮಾಷೆ ಅನಿಸುತ್ತದೆ. ನಮ್ಮ ಮಕ್ಕಳು ಅಮ್ಮ ಅನ್ನುವುದಕ್ಕಿಂತ ಎಷ್ಟೋ ತಿಂಗಳು ಮೊದಲು ಗರಗಸ ಅಂತ ಓದುತ್ತಾರೆ. ಹಾಗೆಂದು ಗರಗಸದ ಮೇಲೆ ಕಥೆ ಬರೆದು ಐದು ವರ್ಷದವರಿಗೆ ಅಂತ ಚೌಕದಲ್ಲಿ ಹಾಕಲು ಆಗುತ್ತದೆಯೇ?

ಲೆಕ್ಕದಲ್ಲೇ ಬಗೆಹರಿಸಬಹುದೇನೋ ಅಂತ ಒಂದು ರಾತ್ರಿ ಅದನ್ನೂ ನೋಡಿದೆ. ರುಡಾಲ್ಫ್ ಫ್ಲೆಶ್ ಅನ್ನುವವರು 1948ರಲ್ಲಿ ಇಂಗ್ಲಿಷ್‌ಗೆ ಒಂದು ಸೂತ್ರ ಕೊಟ್ಟಿದ್ದರು. ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರದ ತುಣುಕು ಅಂತ ಎಣಿಸಿ ಅಂಕ ಕೊಡುವುದು. ಸಾಮಾನ್ಯವಾಗಿ ಸೊನ್ನೆಯಿಂದ ನೂರರ ಒಳಗೆ ಬರುತ್ತದೆ, ನೂರರ ಹತ್ತಿರ ಇದ್ದಷ್ಟೂ ಸುಲಭ, ಮೂವತ್ತಕ್ಕಿಂತ ಕೆಳಗೆ ಹೋದರೆ ಪದವಿ ಮುಗಿಸಿದವರಿಗೆ. ನನ್ನ ಕಥೆಯ ಒಂದು ಸಾಲು ತೆಗೆದುಕೊಂಡೆ. "ಅಜ್ಜಿ ಹೋಗಬೇಕಾಗಿತ್ತಂತೆ." ಎರಡು ಪದ, ಒಂಬತ್ತು ತುಣುಕು. ಕ್ಯಾಲ್ಕುಲೇಟರ್ ಒತ್ತಿದೆ. ಮೈನಸ್ 176 ಬಂತು. ಪಕ್ಕದ ಮನೆಯ ಮೂರು ವರ್ಷದ ಹುಡುಗ ದಿನಕ್ಕೆ ಹತ್ತು ಸಲ "ಪಪ್ಪ ಆಫೀಸ್‌ಗೆ ಹೋಗ್ಬೇಕಾಗಿತ್ತಂತೆ" ಅನ್ನುತ್ತಾನೆ. ಅವನು ಡಾಕ್ಟರೇಟ್ ಮುಗಿಸಿ ಅದರಾಚೆ ಎಲ್ಲೋ ಇದ್ದಾನೆ ಅಂತಾಯಿತು. ಇಂಗ್ಲಿಷ್ ಐದಾರು ಪದದಲ್ಲಿ ಹರಡುವುದನ್ನು ನಾವು ಒಂದೇ ಪದಕ್ಕೆ ಅಂಟಿಸುತ್ತೇವೆ. ಅದು ಉದ್ದ, ಆದರೆ ಕಷ್ಟ ಅಲ್ಲ. ಇನ್ನೊಂದು ಕಡೆ "ಋಣ" ಎರಡೇ ಅಕ್ಷರದ ಪದ. ಅದನ್ನು ಮಗುವಿಗೆ ವಿವರಿಸಿ ನೋಡಿ.

ಪ್ರಥಮ್ ಬುಕ್ಸ್‌ನವರು ಈ ವಯಸ್ಸಿನ ಗೋಜಿಗೇ ಅಷ್ಟಾಗಿ ಹೋಗದೆ ಬೇರೆ ದಾರಿ ಹಿಡಿದಿದ್ದಾರೆ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ, 2015ರಿಂದ ಸ್ಟೋರಿವೀವರ್ ಅಂತ ಯಾರು ಬೇಕಾದರೂ ಪುಕ್ಕಟೆ ಓದುವ ತಾಣ ನಡೆಸುತ್ತಿದೆ. ಅಲ್ಲಿ ನಾಲ್ಕು ಹಂತ. ಒಂದನೇ ಹಂತ 250 ಪದದ ಒಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ಅದರ ಮೇಲೆ ನಾಲ್ಕು. ನೀನು ಎಷ್ಟು ವರ್ಷದವನು ಅಂತ ಕೇಳುವ ಬದಲು ಓದಿನಲ್ಲಿ ಎಲ್ಲಿದ್ದೀಯ ಅಂತ ಕೇಳುವುದು ನನಗೆ ಇಷ್ಟವಾಯಿತು. ಆದರೂ ಒಂದು ತಕರಾರಿದೆ. ಪದ ಎಣಿಸಿ ಹಂತ ಮಾಡಿದರೆ ಕನ್ನಡದ 250 ಪದದಲ್ಲಿ ಇಂಗ್ಲಿಷ್‌ನ 250ಕ್ಕಿಂತ ಜಾಸ್ತಿ ಕಥೆ ಹಿಡಿಸುತ್ತದೆ. ನನ್ನ ಕೋಳಿ ಕಥೆ ಕನ್ನಡದಲ್ಲಿ ಒಂದು ಹಂತಕ್ಕೆ, ಇಂಗ್ಲಿಷ್‌ಗೆ ಹೋದರೆ ಅದರ ಮೇಲಿನ ಹಂತಕ್ಕೆ ಬಿದ್ದರೂ ಆಶ್ಚರ್ಯವಿಲ್ಲ.

ಹಳ್ಳಿ ಶಾಲೆಯಲ್ಲಿ ಕಥೆ ಓದಿದ್ದನ್ನು ಹೇಳಬೇಕು.

ಮಧ್ಯಾಹ್ನದ ಊಟ ಆದಮೇಲೆ ಮಕ್ಕಳೆಲ್ಲ ಚಾಪೆ ಮೇಲೆ ಕೂತಿದ್ದರು. ಸಾಂಬಾರಿನ ವಾಸನೆ ಇನ್ನೂ ಕೋಣೆಯಲ್ಲಿತ್ತು. ಚಿತ್ರ ತೋರಿಸುತ್ತಾ ಓದಿದೆ. ಕೋಳಿಗೆ ಇಟ್ಟ ಹೆಸರು ಕೇಳಿ ನಕ್ಕರು. ನೆಂಟರು ಬಂದಾಗ ಒಬ್ಬ ಹುಡುಗ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಕೊನೆಯ ಪುಟಕ್ಕೆ ಬಂದೆ. ಅಲ್ಲಿ ನಾನು ಏನನ್ನೂ ಬಿಡಿಸಿ ಹೇಳಿಲ್ಲ. ಕೋಳಿ ಇಲ್ಲ, ಮಗು ಬುಟ್ಟಿ ಎತ್ತಿ ನೋಡುತ್ತದೆ, ಅಷ್ಟೇ. ಚಿತ್ರಕಾರರು ತಮ್ಮ ಕಡೆಯಿಂದ ಒಂದು ಸಣ್ಣ ಕೆಲಸ ಮಾಡಿದ್ದರು. ಒರಳುಕಲ್ಲಿನ ಸಂದಿಯಲ್ಲಿ ಒಂದೇ ಒಂದು ಕಂದು ಗರಿ ಸಿಕ್ಕಿಕೊಂಡಿತ್ತು.

ನಾನು ಗಂಟಲು ಸರಿಮಾಡಿಕೊಂಡು ಸುಮ್ಮನೆ ಕೂತೆ. ಯಾರಾದರೂ ಅಳಬಹುದು ಅಂತ ತಯಾರಾಗಿದ್ದೆ. ಮುಂದಿನ ಸಾಲಿನಲ್ಲಿ ಕೂತ ಪುಟ್ಟ ಹುಡುಗಿ, ಆರು ವರ್ಷ ಇರಬಹುದು, ಮಂಡಿಯ ಮೇಲೆ ಬಂದು ಆ ಗರಿಯ ಮೇಲೆ ಬೆರಳಿಟ್ಟಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು.

"ಮಿಸ್, ಸಾರು ಚೆನ್ನಾಗಿತ್ತಾ?"

ಇಡೀ ಕ್ಲಾಸು ನಕ್ಕಿತು. ನಂತರ ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯ ಕೋಳಿಗಳ ಕಥೆ ಶುರು ಮಾಡಿದರು. ಯಾವ ಕೋಳಿ ಯಾವ ಹಬ್ಬಕ್ಕೆ ಹೋಯಿತು, ಯಾವುದನ್ನು ನಾಯಿ ಹಿಡಿಯಿತು, ಯಾವುದಕ್ಕೆ ತಾವು ಅತ್ತು ಊಟ ಬಿಟ್ಟಿದ್ದು, ಆಮೇಲೆ ರಾತ್ರಿ ಹಸಿವಾಗಿ ಎದ್ದು ತಿಂದಿದ್ದು. ಅರ್ಧ ಗಂಟೆ ಯಾರೂ ಬಾಯಿ ಮುಚ್ಚಲಿಲ್ಲ.

ಅದೇ ಪುಟವನ್ನು ಮುಂದಿನ ಭಾನುವಾರ ಮೈಸೂರಿನ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಓದಿದೆ. ಕೆಳಗಿನ ಹಾಲ್‌ನಲ್ಲಿ ಹನ್ನೆರಡು ಮಕ್ಕಳು, ಜೊತೆಗೆ ಕೆಲವು ಅಪ್ಪ ಅಮ್ಮಂದಿರು. ಮಕ್ಕಳು ಕೋಳಿ ಓಡಿಹೋಯಿತು ಅಂದುಕೊಂಡರು. ಒಬ್ಬ, ಪೊಲೀಸ್‌ಗೆ ಹೇಳಬೇಕಿತ್ತು ಅಂದ. ಗರಿಯನ್ನು ಯಾರೂ ನೋಡಲಿಲ್ಲ. ಆಮೇಲೆ ಒಬ್ಬರು ತಾಯಿ ಪುಸ್ತಕ ತಿರುವಿ ಹಾಕುತ್ತಾ ನಿಂತರು. ಅವರು ಗರಿ ನೋಡಿಬಿಟ್ಟರು. "ಇದು ಹತ್ತು ವರ್ಷದ ಮೇಲಿನವರಿಗೆ ಅಂತ ಹಾಕಿ. ನಮ್ಮವಳು ಇನ್ನೂ ಚಿಕ್ಕವಳು, ರಾತ್ರಿ ನಿದ್ದೆ ಮಾಡಲ್ಲ" ಅಂದರು. ಅವರ ಮಗಳು ಅಷ್ಟು ಹೊತ್ತಿಗೆ ಲಿಫ್ಟ್ ಹತ್ತಿರ ಓಡಿಹೋಗಿದ್ದಳು.

ಅವರನ್ನು ನಾನು ಆಡಿಕೊಳ್ಳುತ್ತಿಲ್ಲ. ಆ ಮಗುವಿಗೆ ಕೋಳಿ ಅಂದರೆ ಅಂಗಡಿಯಿಂದ ಬರುವ ಒಂದು ಪ್ಯಾಕೆಟ್ಟು, ಇಲ್ಲವೇ ಬರೀ ಚಿತ್ರ. ಮೊದಲ ಸಲ ಗೊತ್ತಾಗುವುದು ಹೆದರಿಕೆಯೇ ಸರಿ. ಆದರೆ ಒಂದೇ ಗರಿಗೆ ಒಂದು ಕಡೆ ಆರು ವರ್ಷ, ಇನ್ನೊಂದು ಕಡೆ ಹತ್ತು. ಮಧ್ಯೆ ಇರುವುದು ಐವತ್ತು ಕಿಲೋಮೀಟರ್.

ಆ ರಾತ್ರಿ ಪುಣ್ಯಕೋಟಿ ನೆನಪಾಯಿತು. ಕನ್ನಡದ ಮನೆಗಳಲ್ಲಿ ಮೂರು ನಾಲ್ಕು ವರ್ಷಕ್ಕೇ ಮಗುವಿನ ಕಿವಿಗೆ ಬೀಳುವ ಹಾಡು. ಅದರಲ್ಲಿ ಏನಿದೆ ನೋಡಿ. ಒಬ್ಬ ತಾಯಿ ಹುಲಿಯ ಬಾಯಿಗೆ ತಾನೇ ಹೋಗುತ್ತಾಳೆ, ಅದಕ್ಕೆ ಮೊದಲು ಮಗುವಿಗೆ ಹಾಲು ಕುಡಿಸಿ, ಅದನ್ನು ಅಕ್ಕತಂಗಿಯರ ಕೈಗೆ ಒಪ್ಪಿಸಿ ಬರುತ್ತಾಳೆ. ಕೊನೆಗೆ ಹುಲಿ ತಾನೇ ಹಾರಿ ಪ್ರಾಣ ಬಿಡುತ್ತದೆ. ಇವತ್ತು ಯಾರಾದರೂ ಇಂಥ ಕಥೆ ಬರೆದು ತಂದರೆ ಯಾವ ಚೌಕದಲ್ಲಿ ಯಾವ ಸಂಖ್ಯೆ ಹಾಕುತ್ತೇವೆ? ಭಾಷೆ ನೋಡಿದರೂ ಅಷ್ಟೇ, "ಧರಣಿ ಮಂಡಲ ಮಧ್ಯದೊಳಗೆ" ಅನ್ನುವುದು ಯಾವ ನಾಲ್ಕು ವರ್ಷದ ಮಗುವಿಗೆ ಅರ್ಥವಾಗುತ್ತದೆ? ನನಗೆ ಧರಣಿ ಅಂದರೆ ಬಹಳ ದಿನ ಡಿಸಿ ಆಫೀಸ್ ಮುಂದೆ ಕೂರುವ ಧರಣಿಯೇ. ಆದರೂ ಹಾಡಿದೆ, ಅತ್ತುಬಿಟ್ಟೆ, ಮತ್ತೆ ಹಾಡು ಅಂತ ಅಮ್ಮನನ್ನು ಪೀಡಿಸಿದೆ. ಅಮ್ಮನ ತೊಡೆ ಮೇಲೆ ಕೂತು ಕೇಳಿದ್ದಕ್ಕೆ ಭಯ ತಡೆದುಕೊಂಡೆ ಅನಿಸುತ್ತದೆ. ಒಬ್ಬಳೇ ಮೂಲೆಯಲ್ಲಿ ಕೂತು ಓದಿದ್ದರೆ ಆ ಹುಲಿ ಕನಸಿಗೆ ಬರುತ್ತಿತ್ತೋ ಏನೋ.

ಹಾಗಾಗಿ ಎಡಿಟರ್‌ಗೆ ಎರಡು ಸಂಖ್ಯೆ ಹಾಕೋಣ ಅಂದೆ. ಓದಿ ಹೇಳುವುದಾದರೆ ನಾಲ್ಕರಿಂದ, ತಾನೇ ಓದುವುದಾದರೆ ಎಂಟರಿಂದ. ಅವರಿಗೆ ಒಪ್ಪಿಗೆಯಾಯಿತು. ಮಾರಾಟದವರಿಗೆ ಆಗಲಿಲ್ಲ. ಅಂಗಡಿಗೆ ಬಂದವರು "ಏಳು ವರ್ಷದ ಮಗುಗೆ ಒಂದು ಪುಸ್ತಕ ಕೊಡಿ" ಅಂತಾರೆ, ಅಷ್ಟರಲ್ಲಿ ಅಂಗಡಿಯವನು ಯಾವುದನ್ನು ಎತ್ತಿ ಕೊಡಬೇಕು, ನೀವೇ ಹೇಳಿ ಅಂದರು. ಅದೂ ನಿಜವೇ. ಹುಟ್ಟುಹಬ್ಬಕ್ಕೆ ಉಡುಗೊರೆ ತೆಗೆದುಕೊಳ್ಳುವವರಿಗೆ ನನ್ನ ಈ ಪುರಾಣವೆಲ್ಲ ಬೇಡ. ನಾನೂ ಬೇರೆಯವರ ಮಕ್ಕಳಿಗೆ ಕೊಳ್ಳುವಾಗ ಹಿಂದೆ ತಿರುಗಿಸಿ ಚೌಕವನ್ನೇ ನೋಡುತ್ತೇನೆ.

ಈ ಎಳೆದಾಟದ ಮಧ್ಯೆ ಪೊರಕೆಯ ಗಲಾಟೆಯೂ ಆಯಿತು. ಕಥೆಯಲ್ಲಿ ಅಜ್ಜಿ ಕೋಳಿಯನ್ನು ಪೊರಕೆ ಹಿಡಿದು ಅಟ್ಟುತ್ತಾಳೆ. "ನಮ್ಮ ಕಡೆ ಆರು ವರ್ಷದ ಹುಡುಗಿಗೆ ಪೊರಕೆ ಅಂದ್ರ ತಿಳಿಯಂಗಿಲ್ರಿ, ಕಸಬರಿಗಿ ಅನ್ರಿ" ಅಂದರು ಎಡಿಟರ್. ಮಂಗಳೂರಿನ ಕಡೆಯ ಚಿತ್ರಕಾರರು ಹಿಡಿಸೂಡಿ ಬರೆದಿದ್ದರು. ಚಿತ್ರ ಇದೆಯಲ್ಲ, ಯಾವ ಪದ ಇದ್ದರೂ ಗೊತ್ತಾಗುತ್ತದೆ ಅಂತ ಪೊರಕೆಯನ್ನೇ ಉಳಿಸಿಕೊಂಡೆ. ಪೊರಕೆಗೆ ಒತ್ತಕ್ಷರ ಇಲ್ಲ ಅನ್ನುವುದೂ ಒಂದು ಕಾರಣ. ಕಸಬರಿಗೆಗೂ ಇಲ್ಲ ಅಂತ ಆಮೇಲೆ ಹೊಳೆಯಿತು, ಬಾಯಿ ಬಿಡಲಿಲ್ಲ.

ಚೌಕವನ್ನೇ ತೆಗೆದುಬಿಡೋಣ ಅಂತ ನನಗೆ ಅನಿಸಿದ್ದು ಬೇರೆ ಕಾರಣಕ್ಕೆ. ಹಳ್ಳಿ ಶಾಲೆಯಲ್ಲಿ ಕಥೆ ಓದುವಾಗ ಬಾಗಿಲ ಹೊರಗೆ ಒಬ್ಬ ದೊಡ್ಡ ಹುಡುಗ ನಿಂತಿದ್ದ. ಐದನೇ ತರಗತಿ. ಒಳಗೆ ಬಾ ಅಂದರೆ ಬರಲಿಲ್ಲ. "ಅದು ಚಿಕ್ಕಮಕ್ಕಳ ಕಥೆ" ಅಂದ. ಆದರೆ ಕೊನೆಯ ಪುಟದವರೆಗೂ ಅಲ್ಲಿಂದ ಕದಲಲಿಲ್ಲ. ಗೆಳತಿ ಆಮೇಲೆ ಹೇಳಿದಳು, ಅವನಿಗೆ ಇನ್ನೂ ಕಾಗುಣಿತದಲ್ಲೇ ತೊಡಕು, ಒತ್ತು ಬಂದರೆ ನಿಂತುಬಿಡುತ್ತಾನೆ. ಲೆಕ್ಕದಲ್ಲಿ ಚುರುಕು. ಇಂಥವನು ಅವನೊಬ್ಬನೇ ಅಲ್ಲ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆ 2018ರಲ್ಲಿ ಹೇಳಿದ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿ ಮಟ್ಟದ ಕಥೆ ಓದಬಲ್ಲವರು ಸುಮಾರು ಅರ್ಧದಷ್ಟೇ. ಉಳಿದರ್ಧ ಮಕ್ಕಳಿಗೆ ಓದಲು ಬರುವ ಪುಸ್ತಕದ ಹಿಂದೆ ಐದರಿಂದ ಏಳು ಅಂತ ಅಚ್ಚಾಗಿರುತ್ತದೆ. ಹನ್ನೊಂದು ವರ್ಷದ ಹುಡುಗ, ಮೀಸೆ ಬರುವುದನ್ನು ಕಾಯುತ್ತಿರುವವನು, ಗೆಳೆಯರ ಮುಂದೆ ಅದನ್ನು ಕೈಯಲ್ಲಿ ಹಿಡಿಯುತ್ತಾನೆಯೇ?

ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಾಶಕರು ಮಕ್ಕಳ ಪುಸ್ತಕಗಳ ಮೇಲೆಲ್ಲ ವಯಸ್ಸು ಅಚ್ಚು ಹಾಕಲು ಹೊರಟಾಗ ಲೇಖಕರು ತಿರುಗಿಬಿದ್ದರು. ಮುಂದೆ ನಿಂತವರು ಫಿಲಿಪ್ ಪುಲ್‌ಮನ್. ತಡವಾಗಿ ಓದುವ ಮಗುವಿಗೆ ಆ ಅಂಕಿ ನಾಚಿಕೆ ಆಗುತ್ತದೆ ಅನ್ನುವುದು ಅವರ ವಾದಗಳಲ್ಲೊಂದು. ಅದನ್ನು ಎಲ್ಲೋ ಓದಿದಾಗ ತಲೆಯಾಡಿಸಿ ಮುಂದೆ ಹೋಗಿದ್ದೆ. ಬಾಗಿಲ ಹೊರಗೆ ನಿಂತಿದ್ದ ಅವನನ್ನು ನೋಡಿದ ಮೇಲೆ ಹಾಗೆ ಹೋಗಲು ಆಗಲಿಲ್ಲ.

ಕೊನೆಗೆ ಏನಾಯಿತು ಅಂದರೆ, ಚೌಕದಲ್ಲಿ ಸಂಖ್ಯೆ ಬರಲಿಲ್ಲ. ಅಲ್ಲಿ ಒಂದು ಸಣ್ಣ ಗರಿಯ ಚಿತ್ರ ಬಂತು. ಅಂಗಡಿಯವರಿಗೆ ಕಳಿಸುವ ಪಟ್ಟಿಯಲ್ಲಿ ಮಾತ್ರ 6–9 ಅಂತ ಇದೆ. ಎಡಿಟರ್ ಹುಡುಕಿದ ರಾಜಿ ಸೂತ್ರ. ಇದಕ್ಕೆ ಮಾರಾಟ ಕಮ್ಮಿಯಾದರೆ ನನ್ನನ್ನು ಬೈಯಬೇಡಿ ಅಂತಲೂ ಸೇರಿಸಿದರು. ಕಮ್ಮಿಯೇ ಆಗಿದೆ ಅಂತ ಕಾಣುತ್ತದೆ, ನಾನು ಕೇಳಲು ಹೋಗಿಲ್ಲ.

ಗೆಳತಿಯ ಶಾಲೆಗೆ ಐದು ಪ್ರತಿ ಕಳಿಸಿದ್ದೆ. ಮೊನ್ನೆ ಫೋನ್ ಮಾಡಿದ್ದಳು. ಬೇರೆ ಏನೋ ಮಾತಾಡುತ್ತಾ ಮಧ್ಯೆ ಹೇಳಿದಳು. ಆ ಐದನೇ ತರಗತಿಯ ಹುಡುಗ ಲೈಬ್ರರಿ ಪೀರಿಯಡ್‌ನಲ್ಲಿ ಕೋಳಿ ಪುಸ್ತಕ ತೆಗೆದುಕೊಂಡನಂತೆ, "ತಂಗಿಗೆ ಓದಿ ಹೇಳ್ತೀನಿ ಮಿಸ್" ಅಂತ. ಮೂರು ವಾರ ಇಟ್ಟುಕೊಂಡಿದ್ದ. ವಾಪಸ್ ಬಂದಾಗ ಪುಟದ ಮೂಲೆಗಳು ಮಡಚಿಹೋಗಿದ್ದವು, ಕೆಲವು ಒತ್ತಕ್ಷರದ ಕೆಳಗೆ ಪೆನ್ಸಿಲ್‌ನಲ್ಲಿ ಇಟ್ಟ ಸಣ್ಣ ಚುಕ್ಕಿಗಳಿದ್ದವು.

"ತಂಗಿಗೆ ಇಷ್ಟ ಆಯ್ತಂತಾ?" ಅಂದೆ.

"ತಂಗಿ ಎಲ್ಲಿಂದ ಬಂತೇ? ಅವನೊಬ್ಬನೇ ಮಗ ಅವರ ಮನೇಲಿ." ಆಮೇಲೆ ಸ್ವಲ್ಪ ತಡೆದು, "ಇನ್ನೊಂದು ಪುಸ್ತಕ ಬೇಕಂತೆ. ತಂಗಿ ಕೇಳ್ತಿದ್ದಾಳಂತೆ" ಅಂದಳು.